ನಾಲೆಯ ನೀರಿನ ವೇಗ ವಿಡಿಯೋದಲ್ಲಿ ಯಾಕೆ ಕಡಿಮೆ ಬರುತ್ತದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟ್‌ಗಾಗಿ ಭದ್ರಾ ಬಲದಂಡೆಯ ಒಂದು ಉಪನಾಲೆಯ ಕಾಲುಸೇತುವೆ ಮೇಲೆ ನಿಂತು ಮೊಬೈಲಿನಲ್ಲಿ ನೀರಿನ ವಿಡಿಯೋ ತೆಗೆದಿದ್ದೇನೆ. ಸೆಕೆಂಡಿಗೆ 30 ಫ್ರೇಮ್. ಕಾಂಕ್ರೀಟ್ ದಡದ ಮೇಲಂಚಿನಲ್ಲಿ ಸುಣ್ಣದಿಂದ ನಾಲ್ಕು ಗುರುತು ಹಾಕಿ, ಅವುಗಳ ಅಳತೆಯಿಂದ ಪಿಕ್ಸೆಲನ್ನು ಮೀಟರಿಗೆ ಬದಲಾಯಿಸಿದೆ. ಗುರುತುಗಳು ನೀರಿನಿಂದ 1 ಮೀಟರ್ ಮೇಲಿವೆ, ಕ್ಯಾಮೆರಾ 4 ಮೀಟರ್ ಮೇಲಿತ್ತು. ಕಿತ್ತಳೆ ಹಣ್ಣು ತೇಲಿಬಿಟ್ಟು ನೋಡಿದರೆ ನೀರು ಸೆಕೆಂಡಿಗೆ ಸುಮಾರು 0.9 ಮೀಟರ್ ಹೋಗುತ್ತದೆ. ಆದರೆ ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಲೈಬ್ರರಿಯಲ್ಲಿರುವ ಫಾರ್ನೆಬ್ಯಾಕ್ ಆಪ್ಟಿಕಲ್ ಫ್ಲೋದಿಂದ (ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಪ್ರತಿ ಪಿಕ್ಸೆಲ್ ಎಷ್ಟು ಸರಿಯಿತು ಅಂತ ಲೆಕ್ಕ ಹಾಕುವ ವಿಧಾನ) ಸರಾಸರಿ ತೆಗೆದರೆ 0.35 ಮಾತ್ರ ಬರುತ್ತದೆ. ವೇಗವನ್ನು ತೋರಿಸುವ ಬಣ್ಣದ ಚಿತ್ರವೇನೋ ಚೆನ್ನಾಗಿಯೇ ಕಾಣುತ್ತದೆ. ಗೆಳೆಯರು ರಾಫ್ಟ್ ಅನ್ನುವ ನ್ಯೂರಲ್ ನೆಟ್‌ವರ್ಕ್ ವಿಧಾನ ಬಳಸು ಅನ್ನುತ್ತಾರೆ. ಯಾವ ಆಲ್ಗರಿದಮ್ ಒಳ್ಳೆಯದು? ಕೊನೆಗೆ ಇದರಿಂದ ಎಷ್ಟು ಕ್ಯೂಸೆಕ್ಸ್ ಹರಿಯುತ್ತಿದೆ ಅಂತ ಹೇಳಬಹುದಾ?

ಉತ್ತರ:

ಸದ್ಯಕ್ಕೆ ಆಲ್ಗರಿದಮ್ ಬದಲಾಯಿಸಬೇಡಿ. ನಿಮ್ಮ ಲೆಕ್ಕದಲ್ಲಿ ಕನಿಷ್ಠ ಎರಡು ತಪ್ಪುಗಳು ಒಂದರ ಮೇಲೊಂದು ಕೂತಿವೆ. ರಾಫ್ಟ್ ಹಾಕಿದರೆ ಒಂದು ಹಾಗೇ ಉಳಿಯುತ್ತದೆ, ಇನ್ನೊಂದು ಕಣ್ಣಿಗೆ ಕಾಣದ ಹಾಗೆ ಮುಚ್ಚಿಹೋಗುತ್ತದೆ. ಯಾವ ಆಲ್ಗರಿದಮ್ ಒಳ್ಳೆಯದು ಅನ್ನುವುದಕ್ಕೂ ಉತ್ತರ ಇದೆ. ಆದರೆ ಅದನ್ನು ನಿಮ್ಮ ನಾಲೆ, ನಿಮ್ಮ ವಿಡಿಯೋ ಹೇಳಬೇಕು. ಉತ್ತರ ಮೊದಲೇ ಗೊತ್ತಿರುವ ಚಲನೆಯನ್ನು ಕೊಟ್ಟು ಆಲ್ಗರಿದಮ್ ಏನು ಹೇಳುತ್ತದೆ ಅಂತ ನೋಡುವುದೊಂದೇ ಇದಕ್ಕೆ ನಂಬುವಂಥ ದಾರಿ.

ಮೊದಲು ಸುಲಭದ ತಪ್ಪು. ನೀವು ಗುರುತು ಹಾಕಿದ್ದು ದಡದ ಮೇಲಂಚಿನಲ್ಲಿ. ನೀರು ಅದಕ್ಕಿಂತ 1 ಮೀಟರ್ ಕೆಳಗಿದೆ. ಹೋಮೋಗ್ರಫಿ, ಅಂದರೆ ಗುರುತುಗಳಿಂದ ಪಿಕ್ಸೆಲನ್ನು ಮೀಟರಿಗೆ ಬದಲಾಯಿಸುವ ಲೆಕ್ಕ, ಒಂದೇ ಒಂದು ಸಮತಲಕ್ಕೆ ಸರಿ. ಆ ಸಮತಲ ನಿಮ್ಮ ಗುರುತುಗಳು ಇರುವ ಮಟ್ಟ, ನೀರಿನ ಮಟ್ಟ ಅಲ್ಲ. ಕ್ಯಾಮೆರಾ ನೀರಿನಿಂದ 4 ಮೀಟರ್ ಮೇಲೆ, ಗುರುತಿನಿಂದ 3 ಮೀಟರ್ ಮೇಲೆ. ಕ್ಯಾಮೆರಾದಿಂದ ಹೊರಟ ಎರಡು ನೋಟದ ಗೆರೆಗಳು ಗುರುತಿನ ಮಟ್ಟದಲ್ಲಿ 3 ಅಡಿ ದೂರ ಇದ್ದರೆ, ನೀರಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ 4 ಅಡಿ ದೂರ ಆಗಿರುತ್ತವೆ. ಅಂದರೆ ನೀರು 4 ಅಡಿ ಹರಿದರೆ ನಿಮ್ಮ ಪ್ರೋಗ್ರಾಂ 3 ಅಡಿ ಅನ್ನುತ್ತದೆ. ಅಲ್ಲಿಗೇ ಶೇಕಡಾ 25 ಹೋಯಿತು. ಕ್ಯಾಮೆರಾ ಓರೆಯಾಗಿ ಹಿಡಿದಿದ್ದರೂ ಈ ಅನುಪಾತ ಬದಲಾಗುವುದಿಲ್ಲ.

ನಿಮ್ಮ 0.35 ಅನ್ನು 0.75ರಿಂದ ಭಾಗಿಸಿ. 0.47 ಬರುತ್ತದೆ. ಇನ್ನೂ ಅರ್ಧದಷ್ಟು ವೇಗ ಕಾಣೆಯಾಗಿದೆ. ಅದು ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಆಪ್ಟಿಕಲ್ ಫ್ಲೋ ನಿಜಕ್ಕೂ ಏನನ್ನು ಅಳೆಯುತ್ತದೆ ಅಂತ ನೋಡಬೇಕು.

ಅದು ನೀರನ್ನು ನೋಡುವುದಿಲ್ಲ, ಬೆಳಕನ್ನು ನೋಡುತ್ತದೆ. ಒಂದು ಫ್ರೇಮಿನಲ್ಲಿ ಇಷ್ಟು ಹೊಳಪಿದ್ದ ಚುಕ್ಕಿ ಮುಂದಿನ ಫ್ರೇಮಿನಲ್ಲಿ ಅಷ್ಟೇ ಹೊಳಪಿನಿಂದ ಬೇರೆ ಜಾಗದಲ್ಲಿ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಈ ನಂಬಿಕೆಯಿಂದ ಪ್ರತಿ ಪಿಕ್ಸೆಲ್‌ಗೆ ಒಂದೇ ಸಮೀಕರಣ ಸಿಗುತ್ತದೆ, ಕಂಡುಹಿಡಿಯಬೇಕಾದ್ದು ಮಾತ್ರ ಎರಡು: ಅಡ್ಡ ಎಷ್ಟು, ಉದ್ದ ಎಷ್ಟು. ಇನ್ನೊಂದು ಸಮೀಕರಣವನ್ನು ಎಲ್ಲಿಂದಲಾದರೂ ತರಲೇಬೇಕು. ಎಲ್ಲಿಂದ ತರುತ್ತಾರೆ ಅನ್ನುವುದರಲ್ಲೇ ಆಲ್ಗರಿದಮ್‌ಗಳ ನಡುವಿನ ವ್ಯತ್ಯಾಸ ಇರುವುದು.

1981ರಲ್ಲಿ ಎರಡು ಉತ್ತರ ಬಂದವು. ಹಾರ್ನ್ ಮತ್ತು ಶುಂಕ್, ಅಕ್ಕಪಕ್ಕದ ಪಿಕ್ಸೆಲ್‌ಗಳ ಚಲನೆ ನಯವಾಗಿ ಬದಲಾಗುತ್ತದೆ ಅಂತ ಇಡೀ ಚಿತ್ರಕ್ಕೆ ಕಟ್ಟುಪಾಡು ಹಾಕಿದರು. ಲೂಕಸ್ ಮತ್ತು ಕನಾಡೆ, ಒಂದು ಸಣ್ಣ ಕಿಟಕಿಯೊಳಗಿನ ಪಿಕ್ಸೆಲ್‌ಗಳೆಲ್ಲ ಒಟ್ಟಿಗೆ ಚಲಿಸುತ್ತವೆ ಅಂದುಕೊಂಡರು. ಮೊದಲನೆಯದು ಎಲ್ಲಾ ಕಡೆ ಉತ್ತರ ಕೊಡುತ್ತದೆ. ಗೊತ್ತಿಲ್ಲದ ಕಡೆ ಪಕ್ಕದವರ ಉತ್ತರವನ್ನು ಎಳೆದು ತುಂಬುತ್ತದೆ. ಎರಡನೆಯದು ಕಿಟಕಿಯಲ್ಲಿ ಸಾಕಷ್ಟು ವಿವರ ಇದ್ದರೆ ಮಾತ್ರ ಉತ್ತರ ಕೊಡಬಲ್ಲದು. ವಿವರ ಸಾಲದು ಅನ್ನುವುದನ್ನು ಅದರೊಳಗಿನ 2×2 ಮ್ಯಾಟ್ರಿಕ್ಸಿನ ಚಿಕ್ಕ ಐಗನ್ ಮೌಲ್ಯವೇ (ವಿವರ ಕಡಿಮೆಯಾದಷ್ಟೂ ಕುಗ್ಗುವ ಒಂದು ಸಂಖ್ಯೆ) ಹೇಳುತ್ತದೆ. 1994ರಲ್ಲಿ ಶಿ ಮತ್ತು ಟೊಮಾಸಿ ಇದನ್ನೇ ಹಿಡಿದು, ಹಿಂಬಾಲಿಸಲು ಯೋಗ್ಯವಾದ ಬಿಂದು ಯಾವುದು ಅಂತ ಆರಿಸುವ ವಿಧಾನ ಕೊಟ್ಟರು. ಅಳತೆಯ ಕೆಲಸ ಮಾಡುವವರಿಗೆ ಈ ಗುಣ ಬಹಳ ಮುಖ್ಯ. ‘ಇಲ್ಲಿ ನನಗೆ ಗೊತ್ತಾಗುತ್ತಿಲ್ಲ’ ಅನ್ನುವ ಉಪಕರಣವನ್ನು ನಂಬಬಹುದು.

ಈಗ ನೀವು ಬಳಸಿದ ಫಾರ್ನೆಬ್ಯಾಕ್. 2003ರಲ್ಲಿ ಬಂದದ್ದು. ಪ್ರತಿ ಪಿಕ್ಸೆಲಿನ ಸುತ್ತಲ ಹೊಳಪನ್ನು ಒಂದು ಎರಡನೇ ಘಾತದ ಬಹುಪದಿಯಾಗಿ ಬರೆದು, ಆ ಬಹುಪದಿ ಎಷ್ಟು ಸರಿಯಿತು ಅಂತ ಲೆಕ್ಕ ಹಾಕುತ್ತದೆ. ಇದೂ ಎಲ್ಲಾ ಪಿಕ್ಸೆಲ್‌ಗೂ ಉತ್ತರ ಕೊಡುತ್ತದೆ. ಆದರೆ ಓಪನ್‌ಸಿವಿಯಲ್ಲಿ ಸೊನ್ನೆಯಿಂದ ಭಾಗಿಸಿದಂತೆ ಆಗಬಾರದು ಅಂತ ಛೇದಕ್ಕೆ ಒಂದು ಪುಟ್ಟ ಸಂಖ್ಯೆ ಸೇರಿಸಿದ್ದಾರೆ. ಅದರ ಪರಿಣಾಮ ಏನು ಗೊತ್ತಾ? ಮೇಲ್ಮೈ ಸಪಾಟಾಗಿ, ಒಂದೇ ಬಣ್ಣದಲ್ಲಿ ಇರುವ ಕಡೆ ಉತ್ತರ ಸೊನ್ನೆಯ ಕಡೆಗೆ ಜಾರುತ್ತದೆ. ಲೈನಿಂಗ್ ಮಾಡಿದ ನಾಲೆಯಲ್ಲಿ ನೀರು ಸಮನಾಗಿ, ನುಣ್ಣಗೆ ಹರಿಯುತ್ತದೆ. ಚಿತ್ರದ ಅರ್ಧ ಭಾಗದಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅಲ್ಲೆಲ್ಲ ಸೊನ್ನೆಯ ಹತ್ತಿರದ ಸಂಖ್ಯೆ ಬಂದಿದೆ. ಅದು ‘ನೀರು ನಿಂತಿದೆ’ ಅಂತಲ್ಲ, ‘ಗೊತ್ತಿಲ್ಲ’ ಅಂತ. ನೀವು ಅವನ್ನೂ ಸೇರಿಸಿ ಸರಾಸರಿ ತೆಗೆದಿದ್ದೀರಿ. ಬೇಕಾದರೆ ಈಗಲೇ ನೋಡಿ: ಸರಾಸರಿ ಬಿಡಿ, ಎಲ್ಲಾ ಪಿಕ್ಸೆಲ್‌ಗಳ ವೇಗವನ್ನು 0.75ರಿಂದ ಭಾಗಿಸಿ ಹಿಸ್ಟೋಗ್ರಾಂ (ಯಾವ ವೇಗ ಎಷ್ಟು ಪಿಕ್ಸೆಲ್‌ಗಳಿಗೆ ಬಂತು ಅನ್ನುವ ನಕ್ಷೆ) ಬಿಡಿಸಿ. ಸೊನ್ನೆಯ ಹತ್ತಿರ ಒಂದು ಗುಡ್ಡ, 0.9ರ ಆಸುಪಾಸಿನಲ್ಲಿ ಇನ್ನೊಂದು ಗುಡ್ಡ ಕಂಡರೆ ನನ್ನ ಮಾತು ಸರಿ.

ಸೊನ್ನೆಯ ಗುಡ್ಡಕ್ಕೆ ಇನ್ನೂ ಕೆಲವರು ಮಣ್ಣು ಹೊರುತ್ತಿರುತ್ತಾರೆ. ಸೇತುವೆಯ, ಮರದ, ಮೋಡದ ಪ್ರತಿಬಿಂಬ ನೀರಿನ ಮೇಲೆ ಇದ್ದಲ್ಲೇ ಇರುತ್ತದೆ. ಕಂಬದ ಹಿಂದೆ ಏಳುವ ಅಲೆಯೂ ಹಾಗೇ, ಅದರ ಅಡಿಯಲ್ಲಿ ನೀರು ಹರಿಯುತ್ತಲೇ ಇದ್ದರೂ ಅಲೆ ನಿಂತ ಜಾಗ ಬಿಡುವುದಿಲ್ಲ. ಮೊಬೈಲಿನ ವಿಡಿಯೋ ಕಂಪ್ರೆಷನ್ ಬೇರೆ ಇದೆ. ಹಿಂದಿನ ಫ್ರೇಮಿಗಿಂತ ಹೆಚ್ಚು ಬದಲಾಗಿಲ್ಲ ಅನ್ನಿಸಿದ ಚೌಕಗಳನ್ನು ಅದು ಹಾಗೇ ನಕಲು ಮಾಡಿಬಿಡುತ್ತದೆ. ನುಣುಪಾದ ನೀರಿನ ಮಸುಕಾದ ಸುಕ್ಕುಗಳು ಮೊದಲು ಬಲಿಯಾಗುವುದು ಅಲ್ಲೇ. ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳಿಸಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದರೆ ದಯವಿಟ್ಟು ಅದನ್ನು ಬಿಟ್ಟು, ಮೂಲ ಫೈಲನ್ನೇ ಕೇಬಲ್ ಹಾಕಿ ಇಳಿಸಿಕೊಳ್ಳಿ.

ಬಣ್ಣದ ಚಿತ್ರ ಚೆನ್ನಾಗಿದೆ ಅಂದಿರಿ. ಓಪನ್‌ಸಿವಿ ಟ್ಯುಟೋರಿಯಲ್‌ನ ಕೋಡನ್ನೇ ತೆಗೆದುಕೊಂಡಿದ್ದರೆ ಅದರಲ್ಲಿ ಒಂದು ಸಾಲನ್ನು ಗಮನಿಸಿ. ಪ್ರತಿ ಫ್ರೇಮಿನ ವೇಗವನ್ನೂ 0ಯಿಂದ 255ಕ್ಕೆ ಹೊಸದಾಗಿ ಹಿಗ್ಗಿಸುತ್ತದೆ. ನೀರು ನಿಧಾನ ಇರಲಿ, ಜೋರಾಗಿರಲಿ, ಆ ಫ್ರೇಮಿನ ಅತಿ ಹೆಚ್ಚು ವೇಗ ಯಾವಾಗಲೂ ಅಷ್ಟೇ ಪ್ರಕಾಶವಾಗಿ ಕಾಣುತ್ತದೆ. ಒಂದು ಫ್ರೇಮಿನ ಬಣ್ಣವನ್ನು ಇನ್ನೊಂದರ ಜೊತೆ ಹೋಲಿಸುವ ಹಾಗೇ ಇಲ್ಲ. ಆ ಸಾಲು ತೆಗೆದು, ಒಂದು ಪಿಕ್ಸೆಲ್‌ಗೆ ಇಷ್ಟು ಅಂತ ಗಟ್ಟಿ ಅಳತೆ ಇಟ್ಟುಕೊಳ್ಳಿ.

ಇನ್ನು ಪರೀಕ್ಷೆಗೆ ಬರೋಣ. ನನಗೆ ಈ ಭಾಗವೇ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಆಲ್ಗರಿದಮ್‌ನ ಗುಣ ಕೈಗೆ ಸಿಗುವುದು ಇಲ್ಲೇ.

ನಿಮ್ಮ ವಿಡಿಯೋದಿಂದ ನೀರಿನ ಒಂದೇ ಒಂದು ಫ್ರೇಮ್ ತೆಗೆಯಿರಿ. ಅದನ್ನು ಕೋಡಿನಲ್ಲೇ ಬಲಕ್ಕೆ 3.7 ಪಿಕ್ಸೆಲ್ ಸರಿಸಿ ಎರಡನೇ ಚಿತ್ರ ಮಾಡಿ. ಈ ಜೋಡಿಯನ್ನು ಫಾರ್ನೆಬ್ಯಾಕ್‌ಗೆ ಕೊಡಿ. ಎಲ್ಲಾ ಕಡೆ 3.7 ಬರಬೇಕು. ನುಣುಪಾದ ನೀರಿರುವ ಕಡೆ 1 ಅಥವಾ 2 ಬಂದರೆ, ಯಾವ ಪಿಕ್ಸೆಲ್‌ಗಳನ್ನು ನಂಬಬಾರದು ಅನ್ನುವ ನಕ್ಷೆಯೇ ನಿಮಗೆ ಸಿಕ್ಕ ಹಾಗಾಯಿತು. ಆಮೇಲೆ ಸರಿಸುವ ದೂರವನ್ನು 1, 2, 4, 8, 16, 32 ಪಿಕ್ಸೆಲ್ ಹೀಗೆ ಹೆಚ್ಚಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಉತ್ತರ ಕುಸಿಯುತ್ತದೆ. ಲೂಕಸ್–ಕನಾಡೆಯನ್ನು ಪಿರಮಿಡ್ ಇಲ್ಲದೆ ಓಡಿಸಿದರೆ ಕೆಲವೇ ಪಿಕ್ಸೆಲ್‌ಗಳಿಗೆ ಸೋಲುತ್ತದೆ. ಪಿರಮಿಡ್ ಅಂದರೆ ಚಿತ್ರವನ್ನು ಅರ್ಧ, ಕಾಲು, ಅರೆಕಾಲು ಅಂತ ಕುಗ್ಗಿಸಿ ಚಿಕ್ಕದರಿಂದ ದೊಡ್ಡದಕ್ಕೆ ಬರುವುದು. ಮೂರು ಸಲ ಕುಗ್ಗಿಸಿದರೆ 32 ಪಿಕ್ಸೆಲ್ ಮೇಲಿನ ಹಂತದಲ್ಲಿ 4 ಪಿಕ್ಸೆಲ್ ಅಷ್ಟೇ. ಅದನ್ನು ಹಿಡಿಯಬಹುದು. ಆದರೆ ಕುಗ್ಗಿಸಿದಾಗ ನೀರಿನ ಸಣ್ಣ ಸುಕ್ಕುಗಳು ಅಳಿಸಿಹೋಗುತ್ತವೆ ಅನ್ನುವುದೂ ನೆನಪಿರಲಿ. ಹಂತ ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅಂತೇನಿಲ್ಲ.

ಇದು ತುಂಬಾ ಸಲೀಸಾದ ಪರೀಕ್ಷೆ, ನಿಜ. ಬೆಳಕು ಬದಲಾಗಿಲ್ಲ, ನೀರಿನ ಆಕಾರ ಬದಲಾಗಿಲ್ಲ. ಹಾಗಾಗಿ ಇದರಲ್ಲಿ ಪಾಸಾದ ಮಾತ್ರಕ್ಕೆ ಆಲ್ಗರಿದಮ್ ಸರಿ ಅನ್ನುವಂತಿಲ್ಲ. ಆದರೆ ಇದರಲ್ಲೇ ಫೇಲಾದದ್ದನ್ನು ನಾಲೆಗೆ ಒಯ್ಯುವ ಅಗತ್ಯವೂ ಇಲ್ಲ.

ಎರಡನೆಯದು ಸೊನ್ನೆಯ ಪರೀಕ್ಷೆ. ಟ್ರೈಪಾಡಿನ ಮೇಲೆ ಮೊಬೈಲಿಟ್ಟು ಅಲುಗಾಡದ ಗೋಡೆಯನ್ನೋ ನೆಲವನ್ನೋ ಒಂದು ನಿಮಿಷ ಚಿತ್ರಿಸಿ. ಉತ್ತರ ಸೊನ್ನೆ ಬರಬೇಕು. ಬರುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಆ ಉಳಿದದ್ದೇ ನಿಮ್ಮ ಉಪಕರಣದ ಕನಿಷ್ಠ ಮಿತಿ, ಅದಕ್ಕಿಂತ ನಿಧಾನವಾದದ್ದನ್ನು ಅಳೆದೆ ಅನ್ನಬೇಡಿ. ಮನೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಇದನ್ನು ಮಾಡುವುದಾದರೆ ಒಂದು ಎಚ್ಚರಿಕೆ. ನಮ್ಮ ಕರೆಂಟು 50 ಹರ್ಟ್ಸ್, ಬಹಳಷ್ಟು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಫ್ರೇಮಿನಲ್ಲಿ ಚಿತ್ರಿಸಿದರೆ ಮೂರು ಫ್ರೇಮಿಗೊಮ್ಮೆ ಮರುಕಳಿಸುವ ಹೊಳಪಿನ ಏರಿಳಿತ ಬರಬಹುದು. ಹೊಳಪು ಬದಲಾಗುವುದಿಲ್ಲ ಅನ್ನುವ ಮೂಲ ನಂಬಿಕೆಯೇ ಅಲ್ಲಿಗೆ ಮುರಿಯಿತು. ಮೊಬೈಲಿನಲ್ಲಿ 25 ಅಥವಾ 50 ಫ್ರೇಮಿನ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಹಗಲು ಬೆಳಕಿನಲ್ಲೇ ಮಾಡಿ.

ಮೂರನೆಯದು ನಾಲೆಯಲ್ಲೇ. ಕಿತ್ತಳೆ ಹಣ್ಣು ಒಂದೇ ದಾರಿಯಲ್ಲಿ ಹೋಗುತ್ತದೆ, ಒಂದೇ ಉತ್ತರ ಕೊಡುತ್ತದೆ. ನೀವು ದಾವಣಗೆರೆಯವರು, ನಿಮ್ಮೂರಲ್ಲಿ ಮಂಡಕ್ಕಿಗೆ ಬರವಿಲ್ಲ. ಸೇತುವೆಯ ಮೇಲ್ಬದಿಯಿಂದ ನಾಲೆಯ ಅಗಲಕ್ಕೂ ಮಂಡಕ್ಕಿ ಚೆಲ್ಲಿ. ಬಿಳಿ ಚುಕ್ಕಿಗಳು ಕಪ್ಪು ನೀರಿನ ಮೇಲೆ ಎದ್ದು ಕಾಣುತ್ತವೆ. ನೀರು ಕೆಡುವುದೂ ಇಲ್ಲ, ಮೀನು ತಿನ್ನುತ್ತವೆ. ನದಿಯ ವಿಡಿಯೋದಿಂದ ವೇಗ ಅಳೆಯುವವರು ನೀರು ನುಣ್ಣಗಿದ್ದಾಗ ಹೀಗೆ ತೇಲುವ ಕಣಗಳನ್ನು ಚೆಲ್ಲುವುದು ವಾಡಿಕೆ. 1998ರಲ್ಲಿ ಫುಜಿತ, ಮಸ್ಟೆ, ಕ್ರೂಗರ್ ಅನ್ನುವವರು ದೊಡ್ಡ ಪ್ರಮಾಣದ ಹರಿವಿಗೆ ಕಣಗಳ ಚಿತ್ರದಿಂದ ವೇಗ ಅಳೆಯುವ ವಿಧಾನವನ್ನು ಪ್ರಕಟಿಸಿದ ಮೇಲೆ ಇದೊಂದು ಕ್ಷೇತ್ರವೇ ಆಗಿ ಬೆಳೆದಿದೆ. ಒಂದೇ ತೊಂದರೆ: ಮಂಡಕ್ಕಿ ಹಗುರ, ಗಾಳಿ ಬಂದರೆ ಜಾರುತ್ತದೆ. ಬೆಳಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಮಾಡಿ.

ಆಮೇಲೆ ಹತ್ತಾರು ಮಂಡಕ್ಕಿ ಕಾಳುಗಳನ್ನು ಕಣ್ಣಿನಿಂದಲೇ ನೋಡಿ, ಇಷ್ಟು ಫ್ರೇಮಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಮೌಸಿನಲ್ಲಿ ಗುರುತು ಹಾಕಿ ಬರೆದಿಟ್ಟುಕೊಳ್ಳಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ನಿಮ್ಮ ಇಡೀ ಪ್ರಾಜೆಕ್ಟಿನಲ್ಲಿ ಬೆಲೆಬಾಳುವ ಡೇಟಾ ಅದೇ. ಎಲ್ಲಾ ಆಲ್ಗರಿದಮ್‌ಗಳನ್ನೂ ಅದರ ಮುಂದೆ ನಿಲ್ಲಿಸಬಹುದು.

ರಾಫ್ಟ್ ವಿಷಯ. 2020ರಲ್ಲಿ ಪ್ರಿನ್ಸ್‌ಟನ್‌ನ ಟೀಡ್ ಮತ್ತು ಡೆಂಗ್ ತಂದದ್ದು, ನಿಜಕ್ಕೂ ಅದ್ಭುತ ಕೆಲಸ. ಒಂದು ಫ್ರೇಮಿನ ಎಲ್ಲಾ ಜಾಗಗಳನ್ನೂ ಇನ್ನೊಂದರ ಎಲ್ಲಾ ಜಾಗಗಳ ಜೊತೆ ಹೋಲಿಸಿಟ್ಟುಕೊಂಡು, ಉತ್ತರವನ್ನು ಹಂತಹಂತವಾಗಿ ತಿದ್ದುತ್ತದೆ. ದೊಡ್ಡ ಚಲನೆಗೆ, ಮರೆಯಾಗಿ ಮತ್ತೆ ಕಾಣುವ ವಸ್ತುಗಳಿಗೆ ಹಳೆಯ ವಿಧಾನಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಟಾರ್ಚ್‌ವಿಷನ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಅದು ಕಲಿತದ್ದು ಕಂಪ್ಯೂಟರಿನಲ್ಲಿ ಮಾಡಿದ ಹಾರುವ ಕುರ್ಚಿಗಳು, ಅನಿಮೇಷನ್ ದೃಶ್ಯಗಳು, ರಸ್ತೆಯ ಮೇಲಿನ ಕಾರುಗಳಿಂದ. ನಾಲೆಯ ನೀರು, ಅದರ ಮೇಲಿನ ಪ್ರತಿಬಿಂಬ ಆ ಪಾಠದಲ್ಲಿ ಇರಲಿಲ್ಲ. ವಿವರ ಇಲ್ಲದ ಕಡೆ ಫಾರ್ನೆಬ್ಯಾಕ್ ಸೊನ್ನೆಗೆ ಜಾರಿದರೆ, ರಾಫ್ಟ್ ನಂಬುವಂತೆ ಕಾಣುವ ನಯವಾದ ಉತ್ತರ ಕೊಡುತ್ತದೆ. ಅದು ಸರಿಯೂ ಇರಬಹುದು, ತಪ್ಪೂ ಇರಬಹುದು. ಚಿತ್ರ ನೋಡಿ ಹೇಳಲಾಗುವುದಿಲ್ಲ. ಮರೆಯಾಗುವ ತಪ್ಪು ಅಂತ ಮೊದಲೇ ಹೇಳಿದ್ದು ಇದನ್ನೇ.

ಇನ್ನೊಂದು ಮಾತು. ಈ ಆಲ್ಗರಿದಮ್‌ಗಳನ್ನು ಹೋಲಿಸಿ ಅಂಕ ಕೊಡುವ ಪಟ್ಟಿಗಳಲ್ಲಿ ಸರಾಸರಿ ತಪ್ಪು 1 ಪಿಕ್ಸೆಲ್‌ನ ಆಸುಪಾಸು ಇದ್ದರೆ ಒಳ್ಳೆಯ ಅಂಕವೇ. ಅಲ್ಲಿನ ಚಲನೆಗಳು ಹತ್ತಾರು ಪಿಕ್ಸೆಲ್ ಇರುತ್ತವೆ. ನಿಮ್ಮ ಲೆಕ್ಕ ನೋಡಿ. ನೀರು ಸೆಕೆಂಡಿಗೆ 0.9 ಮೀಟರ್, ಫ್ರೇಮಿಗೆ 3 ಸೆಂಟಿಮೀಟರ್. ಹತ್ತಿರದ ದಡದಲ್ಲಿ ಒಂದು ಪಿಕ್ಸೆಲ್ ಅರ್ಧ ಸೆಂಟಿಮೀಟರ್ ಅಂದರೆ ಫ್ರೇಮಿಗೆ 6 ಪಿಕ್ಸೆಲ್ ಚಲನೆ. ದೂರದ ಕಡೆ ಒಂದು ಪಿಕ್ಸೆಲ್ 2 ಸೆಂಟಿಮೀಟರ್ ಆಗಿದ್ದರೆ ಬರೀ ಒಂದೂವರೆ ಪಿಕ್ಸೆಲ್. ಅಲ್ಲಿ 1 ಪಿಕ್ಸೆಲ್ ತಪ್ಪಾದರೆ ಅಳತೆಯೇ ಉಳಿಯಲಿಲ್ಲ. ದೂರದ ಕಡೆಗೆ ಪಕ್ಕದ ಫ್ರೇಮಿನ ಬದಲು ಅಲ್ಲಿಂದ ಮುಂದಿನ ಮೂರನೇ ಫ್ರೇಮಿನ ಜೊತೆ ಹೋಲಿಸಿ. ಚಲನೆ ನಾಲ್ಕೂವರೆ ಪಿಕ್ಸೆಲ್ ಆಗುತ್ತದೆ, ಅದೇ ತಪ್ಪಿನ ಪಾಲು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಜಾಸ್ತಿ ಬಿಟ್ಟರೆ ಸುಕ್ಕಿನ ಆಕಾರವೇ ಬದಲಾಗಿ ಗುರುತು ಸಿಗುವುದಿಲ್ಲ. ಎಷ್ಟು ಬಿಡಬೇಕು ಅಂತ ಮಂಡಕ್ಕಿ ವಿಡಿಯೋದಲ್ಲೇ ಪರೀಕ್ಷಿಸಿ.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಈ ಕೆಲಸಕ್ಕೆ ಮೊದಲ ಆಯ್ಕೆ ಪಿರಮಿಡ್ ಇರುವ ಲೂಕಸ್–ಕನಾಡೆ, ಶಿ–ಟೊಮಾಸಿ ಬಿಂದುಗಳೊಂದಿಗೆ. ಕಿಟಕಿ 21×21, ಮೂರು ಹಂತದಿಂದ ಶುರು ಮಾಡಿ. ಪ್ರತಿ ಬಿಂದುವನ್ನು ಮುಂದಕ್ಕೆ ಹಿಂಬಾಲಿಸಿ, ಅಲ್ಲಿಂದ ಮತ್ತೆ ಹಿಂದಕ್ಕೆ ಹಿಂಬಾಲಿಸಿ. ಹೊರಟ ಜಾಗಕ್ಕೆ ಅರ್ಧ ಪಿಕ್ಸೆಲ್ ಒಳಗೆ ವಾಪಸ್ ಬರದಿದ್ದರೆ ಬಿಟ್ಟುಬಿಡಿ. ಈ ಒಂದು ಜರಡಿಯೇ ಬಹಳಷ್ಟು ಕಸ ತೆಗೆಯುತ್ತದೆ. ಇಡೀ ಮೇಲ್ಮೈಯ ಚಿತ್ರ ಬೇಕಿದ್ದರೆ ಫಾರ್ನೆಬ್ಯಾಕ್ ಬದಲು ಡಿಐಎಸ್ ಅನ್ನುವ ಆಲ್ಗರಿದಮ್ ನೋಡಿ. 2016ರದ್ದು, ಓಪನ್‌ಸಿವಿಯಲ್ಲೇ ಇದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ರಾಫ್ಟನ್ನು ಮೂರನೆಯದಾಗಿ ಓಡಿಸಿ. ಮೂರೂ ಒಪ್ಪುವ ಜಾಗದಲ್ಲಿ ಧೈರ್ಯವಾಗಿರಿ, ಒಪ್ಪದ ಜಾಗದಲ್ಲಿ ವಿಡಿಯೋವನ್ನು ಕಣ್ಣಿಟ್ಟು ನೋಡಿ. ಅಲ್ಲಿ ಪ್ರತಿಬಿಂಬವೋ ನೆರಳೋ ಏನೋ ಒಂದು ಸಿಕ್ಕೇ ಸಿಗುತ್ತದೆ.

ಕೆಟ್ಟ ಬಿಂದುಗಳನ್ನು ತೆಗೆಯುವಾಗ ಒಂದು ಆಸೆಗೆ ಬೀಳಬೇಡಿ. ನಿಧಾನದವನ್ನೆಲ್ಲ ಕತ್ತರಿಸಿದರೆ ಸರಾಸರಿ ಏರಿ 0.9ಕ್ಕೆ ಬಂದೇ ಬರುತ್ತದೆ. ಅದು ಅಳತೆ ಅಲ್ಲ, ಬೇಕಾದ ಉತ್ತರಕ್ಕೆ ತಕ್ಕಂತೆ ಕತ್ತರಿ ಆಡಿಸಿದ್ದು. ದಡದ ಹತ್ತಿರ ನೀರು ನಿಜಕ್ಕೂ ನಿಧಾನ ಇರುತ್ತದೆ. ವೇಗ ನೋಡದೆ ಗುಣಮಟ್ಟ ನೋಡಿ ಜರಡಿ ಹಿಡಿಯಿರಿ: ಹಿಂದೆ-ಮುಂದೆ ಪರೀಕ್ಷೆ, ಐಗನ್ ಮೌಲ್ಯ, ಹರಿವಿನ ದಿಕ್ಕು. ಆಮೇಲೆ ಸರಾಸರಿಯ ಬದಲು ಮೀಡಿಯನ್ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವಿನ ಸಂಖ್ಯೆ) ತೆಗೆಯಿರಿ. ದಡದ ಕಾಂಕ್ರೀಟಿನಿಂದ ಕಿಟಕಿಯ ಅರ್ಧದಷ್ಟಾದರೂ ದೂರ ಇರಿ. ಇಲ್ಲದಿದ್ದರೆ ಕಿಟಕಿಯೊಳಗೆ ನಿಂತ ಕಾಂಕ್ರೀಟೂ ಹರಿಯುವ ನೀರೂ ಬೆರೆತುಹೋಗುತ್ತವೆ.

ಚಿತ್ರಿಸುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೊಬೈಲಿನ ಸ್ಟೆಬಿಲೈಸೇಷನ್ ಆಫ್ ಮಾಡಿ, ಅದು ಫ್ರೇಮನ್ನು ತನ್ನಿಷ್ಟದಂತೆ ಸರಿಸುತ್ತದೆ. ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ. ಜನ ಓಡಾಡಿದರೆ ಸೇತುವೆ ಅಲುಗುತ್ತದೆ. ದಡದ ಮೇಲಿನ ನಿಶ್ಚಲ ಬಿಂದುಗಳನ್ನೂ ಹಿಂಬಾಲಿಸಿ, ಆ ಅಲುಗಾಟದಿಂದ ಕ್ಯಾಮೆರಾದ ಚಲನೆ ಲೆಕ್ಕ ಹಾಕಿ ಫ್ರೇಮನ್ನು ಮೊದಲು ಸರಿಮಾಡಿಕೊಳ್ಳಿ. ಇನ್ನು, 30 ಫ್ರೇಮ್ ಅಂತ ಬರೆದಿದ್ದರೂ ಬಹಳ ಮೊಬೈಲುಗಳು ಬೆಳಕು ಕಡಿಮೆಯಾದರೆ ಫ್ರೇಮಿನ ನಡುವಿನ ಅಂತರ ಬದಲಾಯಿಸುತ್ತವೆ. 30ರಿಂದ ಗುಣಿಸಬೇಡಿ, ಪ್ರತಿ ಫ್ರೇಮಿನ ನಿಜವಾದ ಸಮಯವನ್ನು ಫೈಲಿನಿಂದಲೇ ಓದಿ.

ಕೊನೆಗೆ ಕ್ಯೂಸೆಕ್ಸ್. ಹೇಳಬಹುದು, ಆದರೆ ವಿಡಿಯೋ ಕೊಡುವುದು ಮೇಲ್ಮೈ ವೇಗ ಮಾತ್ರ. ತಳದ ಕಡೆ ನೀರು ನಿಧಾನ. ಸರಾಸರಿಗೆ ಮೇಲ್ಮೈ ವೇಗವನ್ನು ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ, ತಳ ಎಷ್ಟು ಒರಟು ಅನ್ನುವುದರ ಮೇಲೆ ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ನಾಲೆಯ ಅಗಲವನ್ನು ಪಟ್ಟಿಗಳಾಗಿ ಹಂಚಿಕೊಂಡು, ಪ್ರತಿ ಪಟ್ಟಿಯ ವೇಗವನ್ನು ಅದರ ಆಳ ಮತ್ತು ಅಗಲದಿಂದ ಗುಣಿಸಿ ಕೂಡಿಸಿ. ಅಂದಾಜಿಗೆ, ಅಡ್ಡಕೊಯ್ತದ ವಿಸ್ತೀರ್ಣ 4 ಚದರ ಮೀಟರ್, ಮೇಲ್ಮೈ ವೇಗ ಎಲ್ಲಾ ಕಡೆ 0.9 ಅಂದುಕೊಂಡರೆ ಸೆಕೆಂಡಿಗೆ 3.06 ಘನ ಮೀಟರ್. ಒಂದು ಘನ ಮೀಟರ್‌ಗೆ 35.3 ಘನ ಅಡಿ, ಅಂದರೆ ಸುಮಾರು 108 ಕ್ಯೂಸೆಕ್ಸ್. ನಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಗೇಜ್ ಇದ್ದರೆ ಪ್ರತಿ ವಿಡಿಯೋದ ಮೊದಲಿಗೂ ಕೊನೆಗೂ ಅದನ್ನು ಹತ್ತಿರದಿಂದ ಚಿತ್ರಿಸಿಕೊಳ್ಳಿ. ನೀರು ಒಂದು ಗೇಣು ಏರಿದರೂ ವಿಸ್ತೀರ್ಣ ಬದಲಾಗುತ್ತದೆ, ಪಿಕ್ಸೆಲಿನ ಅಳತೆಯೂ ಬದಲಾಗುತ್ತದೆ.